ಕಿಲುಬು ಹಿಡಿದ ಒಡವೆಯೆಲ್ಲ ಹಳೆಯದೇ? ‘ವಿಂಟೇಜ್’ ಫ್ಯಾನ್ಸಿ ಆಭರಣದ ವಯಸ್ಸು ಗುರುತಿಸುವುದು ಹೇಗೆ?

“ಹಿಂಬದಿಯಲ್ಲಿ ಹಸಿರು ಕಿಲುಬು ಇದ್ದರೆ ಒಡವೆ ಐವತ್ತು ವರ್ಷ ಹಳೆಯದು.” “ಅಯಸ್ಕಾಂತಕ್ಕೆ ಅಂಟದಿದ್ದರೆ ಅಸಲಿ.” “ಕಾದ ಸೂಜಿ ಚುಚ್ಚಿ ನೋಡಿ, ಕರಗದಿದ್ದರೆ ಬೇಕಲೈಟ್.” ಹಳೆಯ ಫ್ಯಾನ್ಸಿ ಒಡವೆಗಳ ಬಗ್ಗೆ ಇಂಥ ಸುಲಭ ಸೂತ್ರಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತವೆ. ‘ವಿಂಟೇಜ್’ ಎಂಬ ಒಂದು ಪದ ಸೇರಿದರೆ ಸಾಕು, ಆನ್‌ಲೈನ್‌ನಲ್ಲಿ ಬೆಲೆ ಏರುತ್ತದೆ. ಆದ್ದರಿಂದ ತಪ್ಪು ಸೂತ್ರ ನಂಬಿದವರ ಹಣ ಹೋಗುತ್ತದೆ. ಮೇಲಿನ ಮೂರರಲ್ಲಿ ಒಂದಂತೂ ಮನೆಗೆ ಬೆಂಕಿ ತರಬಲ್ಲದು. ಒಂದೊಂದಾಗಿ ನೋಡೋಣ.

ಕಾಸ್ಟ್ಯೂಮ್ ಜ್ಯುವೆಲ್ಲರಿ ಎಂದರೇನು?

ಚಿನ್ನ, ವಜ್ರದ ಬದಲು ಹಿತ್ತಾಳೆ, ಸತು, ತವರದ ಮಿಶ್ರಲೋಹ, ಗಾಜು, ಪ್ಲಾಸ್ಟಿಕ್ ಬಳಸಿ ಅಂದಕ್ಕಾಗಿ ಮಾಡಿದ ಒಡವೆ ಇದು. ನಮ್ಮಲ್ಲಿ ಗಿಲೀಟು, ರೋಲ್ಡ್‌ಗೋಲ್ಡ್ ಎಂದು ಕರೆಯುವವು ಇದರ ಬಂಧುಗಳೇ. 1920ರ ದಶಕದಲ್ಲಿ ಪ್ಯಾರಿಸ್‌ನ ಕೊಕೊ ಶನೆಲ್ ನಕಲಿ ಮುತ್ತುಗಳನ್ನು ಮುಚ್ಚುಮರೆಯಿಲ್ಲದೆ ಫ್ಯಾಷನ್ ಮಾಡಿದರು. ನಂತರ ಅಮೆರಿಕದ ಟ್ರಿಫಾರಿ, ಕೋರೊ, ಮಿರಿಯಮ್ ಹ್ಯಾಸ್ಕೆಲ್ ಮುಂತಾದ ಕಂಪನಿಗಳು ಇದನ್ನು ದೊಡ್ಡ ಉದ್ಯಮವಾಗಿ ಬೆಳೆಸಿದವು. ಇಂದು ‘ವಿಂಟೇಜ್’ ಹೆಸರಿನಲ್ಲಿ ಹೆಚ್ಚು ಮಾರಾಟವಾಗುವುದು ಇಂಥ ಕಂಪನಿಗಳ ಬ್ರೋಚ್, ಸರ, ಕಿವಿಯೋಲೆಗಳು.

ಮೂಲ ನಿಯಮ: ಅತಿ ಹೊಸ ಭಾಗವೇ ಸಾಕ್ಷಿ

ಒಂದು ಹುಂಡಿಯಲ್ಲಿ 1950, 1975 ಮತ್ತು 2011ರ ನಾಣ್ಯಗಳು ಸಿಕ್ಕವು ಎಂದುಕೊಳ್ಳಿ. ಅದರಲ್ಲಿ ಕೊನೆಯ ಸಲ ಹಣ ಹಾಕಿದ್ದು ಯಾವಾಗ? 2011ಕ್ಕಿಂತ ಮುಂಚೆಯಂತೂ ಅಲ್ಲ. ಅದರಲ್ಲಿ 1950ರ ನಾಣ್ಯ ಇದೆ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ.

ಒಡವೆಗೂ ಇದೇ ಲೆಕ್ಕ. ಹಳೆಯ ವಿನ್ಯಾಸವನ್ನು ಇಂದೂ ಅಚ್ಚು ಹಾಕಬಹುದು, ಗೋದಾಮಿನಲ್ಲಿ ಉಳಿದ ಹಳೆಯ ಹರಳನ್ನು ಇಂದೂ ಕೂರಿಸಬಹುದು. ಆದರೆ ಕಂಡುಹಿಡಿಯುವ ಮೊದಲೇ ಒಂದು ಹರಳನ್ನೋ ಪ್ಲಾಸ್ಟಿಕ್ಕನ್ನೋ ಬಳಸಲು ಯಾರಿಂದಲೂ ಸಾಧ್ಯವಿಲ್ಲ. ಆದ್ದರಿಂದ ಪ್ರತಿಯೊಂದು ಗುರುತೂ ನಮಗೆ ಹೇಳುವುದು ‘ಇದಕ್ಕಿಂತ ಹಳೆಯದಲ್ಲ’ ಎಂಬ ಗಡಿಯನ್ನು ಮಾತ್ರ. ಜೊತೆಗೆ, ರಿಪೇರಿ ಆಗಿದೆಯೇ ಎಂದೂ ನೋಡಬೇಕು. ಒಂದೇ ಹರಳಿನ ಬಣ್ಣ ಬೇರೆಯಾಗಿದ್ದರೆ, ಕೊಂಡಿಯ ಹತ್ತಿರ ಬೆಸುಗೆ ಎದ್ದು ಕಂಡರೆ, ಆ ಭಾಗವಷ್ಟೇ ಹೊಸದಿರಬಹುದು.

ಹಿಂಬದಿಯ ಮುದ್ರೆ ಏನು ಹೇಳುತ್ತದೆ?

ಮೊದಲು ಭೂತಗನ್ನಡಿ ಹಿಡಿದು ಒಡವೆಯ ಬೆನ್ನು ನೋಡಿ. ದೇಶದ ಹೆಸರಿದ್ದರೆ ಅದು ಒಳ್ಳೆಯ ಸುಳಿವು. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಅದು ಎರಡನೇ ಮಹಾಯುದ್ಧದ ನಂತರ ಜಪಾನ್ ಮಿತ್ರಪಡೆಗಳ ಹಿಡಿತದಲ್ಲಿದ್ದ ಕಾಲದ್ದು. ಆ ಹಿಡಿತ 1952ರಲ್ಲಿ ಮುಗಿಯಿತು. ‘ವೆಸ್ಟ್ ಜರ್ಮನಿ’ ಎಂಬ ದೇಶ ಇದ್ದದ್ದು 1949ರಿಂದ 1990ರವರೆಗೆ. ಗಾಜಿನ ಮಣಿಗಳಿಗೆ ಹೆಸರಾದ ಚೆಕೊಸ್ಲೊವಾಕಿಯ 1918ರಲ್ಲಿ ಹುಟ್ಟಿ 1992ರ ಕೊನೆಗೆ ಎರಡಾಯಿತು. ಹಾಗಾಗಿ ‘ಚೆಕೊಸ್ಲೊವಾಕಿಯ’ ಎಂಬ ಮುದ್ರೆಯಿರುವ ಸರವನ್ನು ‘1900ರದ್ದು’ ಎಂದು ಯಾರಾದರೂ ಮಾರಿದರೆ ಅದು ಸುಳ್ಳು.

ವೃತ್ತದೊಳಗೆ ‘ಸಿ’ ಅಕ್ಷರವಿರುವ ಕಾಪಿರೈಟ್ ಚಿಹ್ನೆ ಇನ್ನೊಂದು ಸುಳಿವು. 1955ರಲ್ಲಿ ಟ್ರಿಫಾರಿ ಕಂಪನಿ ಹೂಡಿದ ಮೊಕದ್ದಮೆಯಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯವು ಕಾಸ್ಟ್ಯೂಮ್ ಆಭರಣದ ವಿನ್ಯಾಸಕ್ಕೂ ಕಾಪಿರೈಟ್ ರಕ್ಷಣೆ ಉಂಟು ಎಂದಿತು. ಆಮೇಲೆ ಅಮೆರಿಕದ ಒಡವೆಗಳ ಮೇಲೆ ಈ ಚಿಹ್ನೆ ಸಾಮಾನ್ಯವಾಯಿತು. ಹಾಗಾಗಿ ಚಿಹ್ನೆ ಇದ್ದರೆ ಅದು ಹೆಚ್ಚಾಗಿ 1955ರ ನಂತರದ್ದು. ಆದರೆ ‘ಚಿಹ್ನೆ ಇಲ್ಲದಿದ್ದರೆ 1955ಕ್ಕಿಂತ ಹಳೆಯದು’ ಎಂದು ತಿರುಗಿಸಿ ಹೇಳುವುದು ತಪ್ಪು. ನಿನ್ನೆ ತಯಾರಾದ ಒಡವೆಯಲ್ಲೂ ಅದು ಇಲ್ಲದಿರಬಹುದು.

ಕಂಪನಿಯ ಹೆಸರಿಲ್ಲ ಎಂದಮಾತ್ರಕ್ಕೆ ನಕಲಿ ಎಂದೂ ಅಲ್ಲ. ಮಿರಿಯಮ್ ಹ್ಯಾಸ್ಕೆಲ್ ಅವರ ಆರಂಭದ ವರ್ಷಗಳ ಒಡವೆಗಳಲ್ಲಿ ಬಹುತೇಕ ಹೆಸರೇ ಇರಲಿಲ್ಲ.

ಹರಳು ಸುಳ್ಳು ಹೇಳುವುದಿಲ್ಲ

‘1960ರ ಅಮೆರಿಕನ್ ಡೈಮಂಡ್ ಓಲೆ, ಅಜ್ಜಿಯ ಕಾಲದ್ದು’ ಎಂಬ ಜಾಹೀರಾತು ಕಂಡರೆ ಒಂದು ಕ್ಷಣ ನಿಲ್ಲಿ. ನಮ್ಮ ಅಂಗಡಿಗಳಲ್ಲಿ ಅಮೆರಿಕನ್ ಡೈಮಂಡ್ ಎಂದು ಕರೆಯುವುದು ಕ್ಯೂಬಿಕ್ ಜಿರ್ಕೋನಿಯಾ ಎಂಬ ಕೃತಕ ಹರಳನ್ನು. ಹೆಸರು ಅಮೆರಿಕದ್ದಾದರೂ ಇದನ್ನು ಆಭರಣಕ್ಕೆ ಬೇಕಾದಷ್ಟು ದೊಡ್ಡದಾಗಿ ಬೆಳೆಸುವ ವಿಧಾನ ರೂಪುಗೊಂಡಿದ್ದು 1970ರ ದಶಕದಲ್ಲಿ, ಸೋವಿಯತ್ ಒಕ್ಕೂಟದಲ್ಲಿ. ವಾಣಿಜ್ಯ ಉತ್ಪಾದನೆ ಶುರುವಾಗಿದ್ದು 1976ರಲ್ಲಿ. ಅಂದಮೇಲೆ 1960ರ ಓಲೆಯಲ್ಲಿ ಅದು ಇರಲು ಸಾಧ್ಯವಿಲ್ಲ. ಇದ್ದರೆ ನಂತರ ಕೂರಿಸಿದ್ದು.

ಅದಕ್ಕೂ ಹಿಂದಿನ ಅಗ್ಗದ ಒಡವೆಗಳಲ್ಲಿ ಹೊಳೆಯುತ್ತಿದ್ದುದು ಹೆಚ್ಚಾಗಿ ಗಾಜು. ಹೊಳಪು ಹೆಚ್ಚಲೆಂದು ಅದರ ಬೆನ್ನಿಗೆ ಲೋಹದ ತೆಳು ಲೇಪ ಇರುತ್ತಿತ್ತು. ಬಳಸಿದ ಗಾಜಿನ ಅಂಚುಗಳು ಸವೆದಿರುತ್ತವೆ, ಜಿರ್ಕೋನಿಯಾದ ಅಂಚುಗಳು ಚೂಪಾಗಿಯೇ ಉಳಿಯುತ್ತವೆ. ಕಾಮನಬಿಲ್ಲಿನಂತೆ ಬಣ್ಣ ಚೆಲ್ಲುವ ‘ಅರೋರಾ ಬೋರಿಯಾಲಿಸ್’ ಗಾಜಿನ ಹರಳನ್ನು ಆಸ್ಟ್ರಿಯಾದ ಸ್ವರೋವ್ಸ್‌ಕಿ ಕಂಪನಿ ಮಾರುಕಟ್ಟೆಗೆ ತಂದದ್ದು 1950ರ ದಶಕದ ಮಧ್ಯದಲ್ಲಿ. ಆ ಹರಳಿರುವ ಸರ 1930ರದ್ದಾಗಿರುವುದಿಲ್ಲ.

ಕಾದ ಸೂಜಿ ಬೇಡವೇ ಬೇಡ

ಬೇಕಲೈಟ್ ಎಂಬ ಪ್ಲಾಸ್ಟಿಕ್ಕನ್ನು ರಸಾಯನಶಾಸ್ತ್ರಜ್ಞ ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ರೂಪಿಸಿದರು. ಅದು ಕಾದ ಸೂಜಿಗೆ ಕರಗುವುದಿಲ್ಲ ಎಂಬುದು ನಿಜ. ಆದರೆ ನಿಮ್ಮ ಕೈಯಲ್ಲಿರುವುದು ಅದಕ್ಕೂ ಹಳೆಯ ಸೆಲ್ಯುಲಾಯ್ಡ್ ಆಗಿದ್ದರೆ? ನೈಟ್ರೋಸೆಲ್ಯುಲೋಸ್ ಮತ್ತು ಕರ್ಪೂರ ಬೆರೆಸಿ ಮಾಡಿದ ಸೆಲ್ಯುಲಾಯ್ಡ್ ಕ್ಷಣಮಾತ್ರದಲ್ಲಿ ಭಗ್ಗನೆ ಹೊತ್ತಿಕೊಳ್ಳುತ್ತದೆ. ಯಾವ ಪ್ಲಾಸ್ಟಿಕ್ ಎಂದು ತಿಳಿಯದವರಿಗಾಗಿ ಹೇಳಿದ ಪರೀಕ್ಷೆ, ತಿಳಿಯದವರಿಗೇ ಅಪಾಯ. ಬೆಂಕಿ ಹೊತ್ತದಿದ್ದರೂ ಒಡವೆಯ ಮೇಲೆ ತೂತು ಉಳಿದು ಬೆಲೆ ಇಳಿಯುತ್ತದೆ.

ಇದರ ಬದಲು ಹರಳು, ಅಂಟು, ಲೋಹ ಯಾವುದೂ ಇಲ್ಲದ ಬಳೆಯನ್ನು ಕೈಗೆ ತಾಳುವಷ್ಟು ಬಿಸಿಯಾದ ನೀರಿನಡಿ ಅರ್ಧ ನಿಮಿಷ ಹಿಡಿದು ಮೂಸಿ ನೋಡಿ. ಆಸ್ಪತ್ರೆಯ ಔಷಧಿಯಂಥ ಘಾಟು ಬಂದರೆ ಬೇಕಲೈಟ್ ಇರಬಹುದು. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್ ಇರಬಹುದು. ಸೆಲ್ಯುಲಾಯ್ಡ್ ಒಡವೆಯನ್ನು ದೀಪ, ಒಲೆಯಿಂದ ದೂರ ಇಡಿ.

ಕಿಲುಬು ಮತ್ತು ಅಯಸ್ಕಾಂತ

ಕಿಲುಬು ಎಂದರೆ ತಾಮ್ರವು ತೇವ, ಬೆವರು ಮತ್ತು ಗಾಳಿಯೊಡನೆ ಸೇರಿ ಆಗುವ ಹಸಿರು ಲವಣ. ಮಳೆಗಾಲದಲ್ಲಿ ಬೆವರು ಒರೆಸದೆ ಡಬ್ಬಿಗೆ ಹಾಕಿದ ಹೊಸ ಓಲೆಗೂ ಕೆಲವೇ ವಾರಗಳಲ್ಲಿ ಅದು ಬರಬಹುದು. ಬೇಕೆಂದೇ ಬರಿಸಲೂಬಹುದು. ಒಣಗಿಸಿ ಜೋಪಾನ ಮಾಡಿದ ಹಳೆಯ ಒಡವೆಯಲ್ಲಿ ಕಿಲುಬು ಇಲ್ಲದೆಯೂ ಇರಬಹುದು.

ಇನ್ನು ಅಯಸ್ಕಾಂತ ಎಳೆಯುವುದು ಮುಖ್ಯವಾಗಿ ಕಬ್ಬಿಣ ಮತ್ತು ನಿಕ್ಕಲ್ ಅನ್ನು. ಚಿನ್ನ, ಬೆಳ್ಳಿಯಂತೆ ಹಿತ್ತಾಳೆ, ತಾಮ್ರ, ಸತು, ಸೀಸಗಳೂ ಅಂಟುವುದಿಲ್ಲ. ಆದ್ದರಿಂದ ‘ಅಂಟಲಿಲ್ಲ, ಹಾಗಾಗಿ ಚಿನ್ನ’ ಎನ್ನುವುದು ಶುದ್ಧ ಮೋಸ. ಚಿನ್ನದ ಶುದ್ಧತೆಗೆ ನಮ್ಮಲ್ಲಿ ಬಿಐಎಸ್ ಹಾಲ್‌ಮಾರ್ಕ್ ಇದೆ. ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಗೆ 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಕಡ್ಡಾಯ; ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಅದು ಶುದ್ಧತೆಯನ್ನು ಹೇಳುತ್ತದೆಯೇ ಹೊರತು ಒಡವೆ ಎಷ್ಟು ಹಳೆಯದು ಎಂದಲ್ಲ.

ಮಕ್ಕಳ ಕೈಗೆ ಕೊಡಬೇಡಿ

ಹಳೆಯ ಅಗ್ಗದ ಲೋಹದ ಒಡವೆಗಳಲ್ಲಿ ಸೀಸ ಇರಬಹುದು. ಮೈಮೇಲೆ ಧರಿಸುವುದಕ್ಕಿಂತ ಬಾಯಿಗೆ ಹಾಕುವುದು ಹೆಚ್ಚು ಅಪಾಯ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಧರಿಸಿದ ಜಾಗದಲ್ಲಿ ತುರಿಕೆ, ಗುಳ್ಳೆ ಬಂದರೆ ನಿಕ್ಕಲ್ ಅಲರ್ಜಿ ಇರಬಹುದು, ತೆಗೆದಿಟ್ಟು ಚರ್ಮವೈದ್ಯರಿಗೆ ತೋರಿಸಿ. ಬರೀ ಹಸಿರು ಕಲೆಯಾಗಿದ್ದರೆ ಅದು ತಾಮ್ರದ್ದು, ಸೋಪು ನೀರಿಗೆ ಹೋಗುತ್ತದೆ.

ಕೊಳ್ಳುವ ಮುನ್ನ

ಒಡವೆಯ ಹಿಂಬದಿ, ಮುದ್ರೆ, ಕೊಂಡಿ ಮತ್ತು ಹರಳಿನ ಹತ್ತಿರದ ಫೋಟೋ ಕೇಳಿ. ಕೊಡಲು ಒಪ್ಪದವರಿಂದ ಕೊಳ್ಳಬೇಡಿ. ‘ಇದು ಯಾವ ವರ್ಷದ್ದು?’ ಎಂದು ಕೇಳುವ ಬದಲು ‘ಯಾವ ಗುರುತಿನಿಂದ ಹಾಗೆ ಹೇಳುತ್ತೀರಿ?’ ಎಂದು ಕೇಳಿ. ಒಂದೇ ಗುರುತಿನ ಮೇಲೆ ನಿಂತ ಉತ್ತರಕ್ಕೆ ವಿಂಟೇಜ್ ಬೆಲೆ ಕೊಡುವ ಅಗತ್ಯವಿಲ್ಲ. ಕಾದ ಸೂಜಿಯ ಸಂದೇಶ ನಿಮ್ಮ ಗುಂಪಿಗೂ ಬಂದಿದ್ದರೆ, ಅದರ ಕೆಳಗೆ ಈ ಲೇಖನವನ್ನು ಹಂಚಿಕೊಳ್ಳಿ.