ನಡುವೆ ನಿಂತ ಓದು, ಮುಗಿಸಿದ ಓದು

ಗೆಳೆಯರೇ, ಹಗಲು ಕೆಲಸ, ರಾತ್ರಿ ಓದು ಅಂತ ನಮ್ಮಲ್ಲಿ ಎಷ್ಟೋ ಮಂದಿ ಒದ್ದಾಡ್ತೀವಿ. ಓದು ನಡುವೆ ನಿಂತರ ಎಲ್ಲಾ ಮುಗೀತು ಅನಿಸ್ತದ. ಬಾಬಾಸಾಹೇಬರ ಓದೂ ಹಾಗೇ ನಿಂತಿತ್ತು ಅನ್ನೋದು ನಿಮಗೆ ನೆನಪಿರಲಿ.

ಲಂಡನ್ನಿನಲ್ಲಿ ಅರ್ಥಶಾಸ್ತ್ರ, ಕಾನೂನು ಎರಡನ್ನೂ ಓದುತ್ತಿದ್ದ ಅವರು, ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಮುಗಿದದ್ದರಿಂದ 1917ರಲ್ಲಿ ಅರ್ಧಕ್ಕೇ ಬಿಟ್ಟು ಬಂದರು. 1918ರಲ್ಲಿ ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಸಂಬಳದಲ್ಲಿ ಉಳಿಸಿದ ಹಣ, ಶಾಹೂ ಮಹಾರಾಜರ ನೆರವು, ಗೆಳೆಯ ನವಲ್ ಭಠೇನಾ ಕೊಟ್ಟ ಸಾಲ, ಇಷ್ಟನ್ನು ಕೂಡಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. 1922ರಲ್ಲಿ ಬ್ಯಾರಿಸ್ಟರ್ ಆದರು.

ಪದವಿ ಬಂದ ಮೇಲೂ ಹಾದಿ ಸುಲಭ ಇರಲಿಲ್ಲ ನೋಡ್ರಿ. ಆಗ ಮುಂಬೈ ಹೈಕೋರ್ಟಿನ ಮೂಲ ವಿಭಾಗದಲ್ಲಿ ಕಕ್ಷಿದಾರ ಮೊದಲು ಸಾಲಿಸಿಟರ್ ಹತ್ತಿರ ಹೋಗಬೇಕು. ಸಾಲಿಸಿಟರ್ ಕೇಸು ಕೊಟ್ಟರೇ ಬ್ಯಾರಿಸ್ಟರಿಗೆ ಕೆಲಸ. ಅಲ್ಲಿ ಜಾತಿ ಅಡ್ಡ ಬಂತು. ವಕೀಲಿಯ ಜೊತೆಗೇ 1925ರಿಂದ 1928ರವರೆಗೆ ಬಾಟ್ಲಿಬಾಯ್ ಅಕೌಂಟೆನ್ಸಿ ಸಂಸ್ಥೆಯಲ್ಲಿ ವ್ಯಾಪಾರ ಕಾನೂನಿನ ಪಾಠ ಹೇಳಿ ಸಂಸಾರ ತೂಗಿಸಿದರು.

ಅದೇ ಕಷ್ಟದ ಕಾಲದಾಗ, 1925ರಲ್ಲಿ, ಅವರು ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭೆ ನಮ್ಮ ಸೊಲ್ಲಾಪುರದಲ್ಲಿ ಹೈಸ್ಕೂಲ್ ಹುಡುಗರಿಗಾಗಿ ವಸತಿಗೃಹ ತೆರೆಯಿತು. ತಮ್ಮ ಓದು ನಿಂತ ನೋವು ಗೊತ್ತಿದ್ದವರು, ಇನ್ನೊಬ್ಬರ ಓದು ನಿಲ್ಲಬಾರದು ಅಂತ ಮಾಡಿದ ಕೆಲಸ ಇದು.

ನಿಮ್ಮ ಓಣಿಯಲ್ಲಿ ಈ ವರ್ಷ ಕಾಲೇಜು ಬಿಟ್ಟವರು ಯಾರಿದ್ದಾರೆ? ಅವರ ಮನಿಗೆ ಹೋಗೋಣ. ಫೀಸಿಗೆ ನಾಲ್ಕು ಕೈ ಸೇರಿಸೋಣ. ನಿಂತ ಓದು ಮತ್ತೆ ಶುರು ಆಗ್ತದ.

ಜೈ ಭೀಮ್.