ಕೆಳಗೆ ಜಾರಿದ ತ-ಒತ್ತು

ಮೂರು ವರ್ಷದ ಹಿಂದೆ ನಾನು ಕೊಂಡ ಕನ್ನಡ ಟೈಪ್‌ರೈಟರಿನಲ್ಲಿ ಒಂದೇ ಒಂದು ಗುರುತು ನೆಟ್ಟಗಿರಲಿಲ್ಲ. ತಕಾರದ ಒತ್ತು ಇರಬೇಕಾದ ಜಾಗಕ್ಕಿಂತ ಕೂದಲೆಳೆಯಷ್ಟು ಕೆಳಗೆ, ಎಡಕ್ಕೆ ವಾಲಿ ಬೀಳುತ್ತಿತ್ತು. 'ಮತ್ತು' ಎಂದು ಹೊಡೆದಾಗಲೆಲ್ಲ ಆ ಪದ ಒಂದು ಕಾಲು ಕುಂಟುತ್ತಿತ್ತು. ಸರ್ಕಾರಿ ಕಾಗದದಲ್ಲಿ 'ಮತ್ತು' ಇಲ್ಲದ ಸಾಲು ಸಿಗುವುದು ಅಪರೂಪ ತಾನೆ?

ಯಂತ್ರ ರೆಮಿಂಗ್ಟನ್ ಕಂಪನಿಯದು. ಒಂದು ತಾಲ್ಲೂಕು ಕಚೇರಿಯ ಹಳೆಯ ಸಾಮಾನು ಹರಾಜಾದಾಗ ಗುಜರಿ ಅಂಗಡಿಗೆ ಬಂದು, ಅಲ್ಲಿಂದ ನನ್ನ ಕೋಣೆ ಸೇರಿತು. ಅದಕ್ಕೂ ಮೊದಲು ನನ್ನ ಹತ್ತಿರ ಎರಡು ಇಂಗ್ಲಿಷ್ ಯಂತ್ರಗಳಿದ್ದವು, ಅದರಲ್ಲೊಂದು ಗೋದ್ರೆಜ್. ಆ ಕಂಪನಿ 1955ರಲ್ಲಿ ಭಾರತದಲ್ಲೇ ಟೈಪ್‌ರೈಟರ್ ಮಾಡತೊಡಗಿತ್ತು. ಹಾಸ್ಟೆಲಿನ ಗೆಳತಿಯರು ನನ್ನ ಕೋಣೆಗೆ 'ತಾಲ್ಲೂಕಾಫೀಸು' ಎಂದು ಹೆಸರಿಟ್ಟಿದ್ದರು.

ಈ ಯಂತ್ರ ಮೂಲತಃ ನಮ್ಮ ಲಿಪಿಗಾಗಿ ಹುಟ್ಟಿದ್ದಲ್ಲ. ಅಮೆರಿಕದ ಮಿಲ್ವಾಕಿಯ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಮತ್ತು ಅವರ ಜೊತೆಗಾರರು 1868ರಲ್ಲಿ ಪೇಟೆಂಟ್ ಪಡೆದರು. ಬಂದೂಕು ತಯಾರಿಸುತ್ತಿದ್ದ ರೆಮಿಂಗ್ಟನ್ ಅದನ್ನು 1874ರಲ್ಲಿ ಮಾರುಕಟ್ಟೆಗೆ ತಂದಿತು. ಆ ಮೊದಲ ಯಂತ್ರ ಇಂಗ್ಲಿಷಿನ ದೊಡ್ಡ ಅಕ್ಷರಗಳನ್ನು ಮಾತ್ರ ಹೊಡೆಯುತ್ತಿತ್ತು. 1878ರ ಮಾದರಿಯಲ್ಲಿ ಶಿಫ್ಟ್ ಕೀಲಿ ಬಂತು. ಒಂದೇ ಕಡ್ಡಿಯ ತುದಿಯಲ್ಲಿ ಎರಡು ಅಚ್ಚು, ದೊಡ್ಡಕ್ಷರ ಮತ್ತು ಸಣ್ಣಕ್ಷರ. ಕನ್ನಡಕ್ಕೆ ಬಾಗಿಲು ತೆರೆದದ್ದು ಇದೇ ಶಿಫ್ಟ್ ಎಂದು ನನಗನ್ನಿಸುತ್ತದೆ. ನಮ್ಮಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಹಾಗಾಗಿ ಇಂಗ್ಲಿಷ್ ಒಂದೇ ಅಕ್ಷರವನ್ನು ಎರಡು ಸಲ ಬರೆಯಲು ಬಳಸಿದ ಜಾಗದಲ್ಲಿ ಕನ್ನಡ ಎರಡು ಬೇರೆ ಬೇರೆ ಗುರುತುಗಳನ್ನು ಕೂರಿಸಬಹುದಿತ್ತು.

ಆದರೂ ಜಾಗ ಸಾಲದು. 34 ವ್ಯಂಜನಗಳಿಗೆ ಕಾಗುಣಿತ ಸೇರಿಸಿದರೆ ರೂಪಗಳು 400 ದಾಟುತ್ತವೆ, ಒತ್ತಕ್ಷರಗಳು ಬೇರೆ. ನನ್ನ ಯಂತ್ರದಲ್ಲಿರುವುದು 46 ಕೀಲಿ, ಅಂದರೆ 92 ಅಚ್ಚು. ಉಳಿದ ದಾರಿ ಒಂದೇ: ಅಕ್ಷರವನ್ನು ಒಡೆಯುವುದು. ಮೂಲರೂಪ ಒಂದು ಕಡೆ, ಕೊಂಬು, ದೀರ್ಘ, ಒತ್ತು ಇನ್ನೊಂದು ಕಡೆ. ಕೆಲವು ಕೀಲಿಗಳನ್ನು ಒತ್ತಿದರೆ ಅಚ್ಚು ಬೀಳುತ್ತದೆ, ಆದರೆ ಕಾಗದ ಹೊತ್ತ ಕ್ಯಾರೇಜ್ ಸರಿಯುವುದಿಲ್ಲ. ನಿಂತಲ್ಲೇ ನಿಂತು ಇನ್ನೊಂದು ಗುರುತಿಗೆ ಕಾಯುತ್ತದೆ. ಕನ್ನಡಕ್ಕೆ ಈ ಹೊಂದಾಣಿಕೆ ಮಾಡಿಕೊಟ್ಟವರಲ್ಲಿ ಕೆ. ಅನಂತಸುಬ್ಬರಾವ್ ಅವರ ಹೆಸರು ಮುಖ್ಯ. ಕಂಪ್ಯೂಟರಿನ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಅವರನ್ನು ನಾವು ನೆನೆಯುವಷ್ಟು ಇವರನ್ನು ನೆನೆಯುವುದಿಲ್ಲ ಎಂಬುದು ನನ್ನ ಸಣ್ಣ ತಕರಾರು.

ಯಂತ್ರ ಬಂದ ತಿಂಗಳಲ್ಲೇ ಕೆಲಸ ಶುರು ಮಾಡಿದೆ. ಅಚ್ಚುಕಡ್ಡಿಗಳು ಕೂರುವ ಅರ್ಧಚಂದ್ರಾಕಾರದ ಸೀಳುಗಳಲ್ಲಿ ದಶಕಗಳ ಎಣ್ಣೆಯೂ ಧೂಳೂ ಸೇರಿ ಮೇಣವಾಗಿತ್ತು. ಅಲ್ಲಿಗೆ ಎಣ್ಣೆ ಬಿಡಬಾರದು, ಎಲ್ಲರೂ ಮಾಡುವ ತಪ್ಪು ಅದೇ. ಎಣ್ಣೆ ಇನ್ನಷ್ಟು ಧೂಳು ಹಿಡಿಯುತ್ತದೆ. ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜಿ, ಒರೆಸಿ, ಒಣಗಿಸಬೇಕು. ಕ್ಯಾರೇಜನ್ನು ಎಳೆಯುವ ಪಟ್ಟಿ ಕಿತ್ತುಹೋಗಿತ್ತು, ಹೊಸದು ಕಟ್ಟಿದೆ. ರಬ್ಬರ್ ರೋಲರ್ ಕಲ್ಲಾಗಿತ್ತು, ಅದನ್ನು ಹಾಗೆಯೇ ಬಿಟ್ಟೆ. ಪಕ್ಕದಲ್ಲಿ ಬಿಳಿ ಬಣ್ಣದಲ್ಲಿ ಬರೆದಿದ್ದ ಕಚೇರಿಯ ದಾಸ್ತಾನು ಸಂಖ್ಯೆಯನ್ನೂ ಉಜ್ಜಲಿಲ್ಲ. ಬುದ್ಧಿವಂತಿಕೆಯಿಂದಲ್ಲ, ಚೆಂದ ಕಾಣುತ್ತಿತ್ತು ಎಂದು.

ತ-ಒತ್ತು ಮಾತ್ರ ನನ್ನ ಕೈಗೆ ಬಗ್ಗಲಿಲ್ಲ. ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಹೊತ್ತುಕೊಂಡು ಹೋದೆ. "ಬೆಸುಗೆ ಸಡಿಲಾಗಿದೆ ಕಣಮ್ಮ, ಅಚ್ಚು ಜಾರಿದೆ" ಎಂದರು. ಕಡ್ಡಿಯ ತುದಿಯನ್ನು ಕಾಯಿಸಿ, ಅಚ್ಚನ್ನು ಮೇಲೆತ್ತಿ ಕೂರಿಸಿ, ನಾಲ್ಕು ಸಲ ಹೊಡೆದು ತೋರಿಸಿದರು. ಮತ್ತು ಮತ್ತು ಮತ್ತು ಮತ್ತು. ಒಂದೂ ಕುಂಟಲಿಲ್ಲ. ನನಗೆ ಹಬ್ಬವಾಯಿತು. ಮೊದಲ ದಿನ ಪರೀಕ್ಷೆಗೆಂದು ಹೊಡೆದಿದ್ದ ಹಾಳೆಗಳನ್ನು ಅವತ್ತೇ ರಾತ್ರಿ ಕಸಕ್ಕೆ ಹಾಕಿದೆ.

ನನ್ನ ಸಂಶೋಧನೆ ಭೂಸುಧಾರಣೆಯ ಮೇಲೆ. ದೇವರಾಜ ಅರಸು ಅವರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು, ಭೂ ನ್ಯಾಯಮಂಡಳಿಗಳು ತೀರ್ಮಾನಿಸಬೇಕಿತ್ತು. ಕಳೆದ ವರ್ಷ ಅದೇ ತಾಲ್ಲೂಕಿನ ಒಂದು ಮನೆಗೆ ಹೋದಾಗ ಅಲ್ಲಿನ ಅಜ್ಜಿ ಟ್ರಂಕಿನಿಂದ ಒಂದು ಕಾಗದ ತೆಗೆದರು. ತೆಳು ಹಾಳೆಯ ಕಾರ್ಬನ್ ಪ್ರತಿ. ಅವರ ಯಜಮಾನರ ಹೆಸರಿಗೆ ಎರಡು ಎಕರೆ ಸಲ್ಲತಕ್ಕದ್ದೆಂಬ ಆದೇಶದ ಒಕ್ಕಣೆ. ತಾರೀಖು ಇದ್ದ ತುದಿ ಹರಿದಿತ್ತು, ಸಹಿ ಇರಲಿಲ್ಲ. ಕಚೇರಿಯಲ್ಲಿ ಕೇಳಿದರೆ ಅಂಥ ಆದೇಶವೇ ಕಡತದಲ್ಲಿಲ್ಲ ಎನ್ನುತ್ತಾರಂತೆ. "ಜಮೀನು ಹೋಯ್ತು ಬುಡವ್ವ. ಇದು ದಿಟದ ಕಾಗ್ದವಾ ಅಲ್ವಾ, ಅಷ್ಟು ಹೇಳು" ಎಂದರು ಅಜ್ಜಿ.

ಎರಡನೇ ಸಾಲಿಗೆ ಬರುವಷ್ಟರಲ್ಲಿ ನನ್ನ ಕೈ ತಣ್ಣಗಾಗಿತ್ತು. 'ಮತ್ತು' ಕುಂಟುತ್ತಿತ್ತು. ಒತ್ತು ಕೆಳಗೆ, ಎಡಕ್ಕೆ.

ಟೈಪ್‌ರೈಟರಿಗೆ ಕೈಬರಹದಂಥದೇ ಗುಣವುಂಟು ಎಂಬುದು ಹಳೆಯ ವಿಚಾರ. ಕಾನನ್ ಡಾಯ್ಲ್ 1891ರ ಒಂದು ಕಥೆಯಲ್ಲೇ ಷರ್ಲಾಕ್ ಹೋಮ್ಸ್ ಸವೆದ ಅಚ್ಚುಗಳಿಂದ ಒಬ್ಬ ಮೋಸಗಾರನನ್ನು ಹಿಡಿಯುತ್ತಾನೆ. ಅಮೆರಿಕದಲ್ಲಿ ಆಲ್ಜರ್ ಹಿಸ್ ಎಂಬ ಅಧಿಕಾರಿ 1950ರಲ್ಲಿ ಶಿಕ್ಷೆಗೊಳಗಾದಾಗ ಮುಖ್ಯ ಸಾಕ್ಷ್ಯಗಳಲ್ಲೊಂದು ಒಂದು ವುಡ್‌ಸ್ಟಾಕ್ ಟೈಪ್‌ರೈಟರಿನ ಅಕ್ಷರಗಳು. ಇದೆಲ್ಲ ನನಗೆ ಗೊತ್ತಿತ್ತು, ತರಗತಿಯಲ್ಲಿ ಕಿರಿಯರಿಗೆ ಹೇಳಿಯೂ ಇದ್ದೆ. ನನ್ನ ಮೇಜಿನ ಮೇಲಿದ್ದ ಯಂತ್ರಕ್ಕೆ ಅದನ್ನು ಅನ್ವಯಿಸಬೇಕೆಂದು ಮಾತ್ರ ಹೊಳೆಯಲಿಲ್ಲ. ಅದು ನನ್ನ ಪಾಲಿಗೆ ಹವ್ಯಾಸವಾಗಿತ್ತು, ದಾಖಲೆಯಾಗಿರಲಿಲ್ಲ.

ರಿಪೇರಿಯ ಹಿರಿಯರಿಗೆ ಕಾಗದದ ಫೋಟೊ ತೋರಿಸಿ, ಅಚ್ಚನ್ನು ಮೊದಲಿದ್ದ ಹಾಗೇ ಜಾರಿಸಿ ಕೊಡಬಹುದೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಜಾರಿಸಬಹುದಮ್ಮ. ಆಗ ಅದು ನಾನು ಜಾರಿಸಿದ್ದು ಆಗುತ್ತೆ, ಅದಾಗೇ ಜಾರಿದ್ದು ಆಗಲ್ಲ."

ಈಗ ಯಂತ್ರವನ್ನು ಬಿಟ್ಟು ಕಾಗದಗಳನ್ನೇ ಕೇಳುತ್ತಿದ್ದೇನೆ. ಆ ಕಚೇರಿಯಿಂದ ಹೊರಟ, ತಾರೀಖುಳ್ಳ ಪತ್ರಗಳು ಊರೂರಿನ ಟ್ರಂಕುಗಳಲ್ಲಿವೆ. ಈವರೆಗೆ ಎರಡು ಸಿಕ್ಕಿವೆ. 1975ರ ನೋಟಿಸಿನಲ್ಲಿ ಒತ್ತು ನೆಟ್ಟಗಿದೆ. 1977ರ ಪತ್ರದಲ್ಲಿ ಜಾರಿದೆ. ಒಂದೇ ಯಂತ್ರವಾದರೆ ಅಜ್ಜಿಯ ಕಾಗದ 1975ರ ಆ ನೋಟಿಸಿಗಿಂತ ಈಚಿನದು, ಆ ಕಚೇರಿಯಲ್ಲೇ ಹೊಡೆದದ್ದು ಎನ್ನಬಹುದು. ಆದರೆ ನಾನು ಉಜ್ಜದೆ ಬಿಟ್ಟ ದಾಸ್ತಾನು ಸಂಖ್ಯೆ 2. ಅಂದರೆ ಒಂದನೆಯದೂ ಇತ್ತು. ನೆಟ್ಟಗಿರುವ ಒತ್ತು ಅದರದ್ದೂ ಆಗಿರಬಹುದು. ಇನ್ನು, ಆ ಕಚೇರಿಯ ಯಂತ್ರದಲ್ಲೇ ಹೊಡೆದದ್ದೆಂದ ಮಾತ್ರಕ್ಕೆ ಆದೇಶ ಹೊರಟಿತ್ತೆಂದೇನೂ ಅಲ್ಲ; ಕರಡೂ ಅದೇ ಯಂತ್ರದಲ್ಲಿ ಹುಟ್ಟುತ್ತದೆ.

ಕಳೆದ ತಿಂಗಳು ಅಜ್ಜಿಗೆ ಇಷ್ಟನ್ನೂ ಹೇಳಿದೆ, ಒತ್ತನ್ನು ನಾನೇ ಸರಿಮಾಡಿಸಿದ್ದನ್ನೂ ಸೇರಿಸಿ. ಅವರು ಬೈಯಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಚಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಪಕ್ಕದ ಬೀದಿಯ ಇನ್ನೊಂದು ಮನೆಯ ಗುರುತು ಹೇಳಿದರು. ಅವರ ಮಾವನೂ ನಮೂನೆ 7 ಹಾಕಿದ್ದರಂತೆ.