ಕೊನೆಯ ಘಟ್ಟದ ದಾರಿ: ಶ್ರೀಶೈಲ ಪಾದಯಾತ್ರೆಯ ಚರಿತ್ರೆ

ಹೋಳಿ ಹುಣ್ಣಿಮೆ ಕಳೆಯಿತೆಂದರೆ ಶಹಾಪುರ, ಸುರಪುರ, ಯಾದಗಿರಿ ಸೀಮೆಯ ರಸ್ತೆಗಳ ನೋಟವೇ ಬದಲಾಗುತ್ತದೆ. ಹೆಗಲ ಮೇಲೆ ಕಂಬಿ, ಕೈಯಲ್ಲೊಂದು ಕೋಲು, ಬಿಸಿಲಿಗೆ ತಲೆಗೆ ಸುತ್ತಿದ ವಸ್ತ್ರ, ಬಾಯಲ್ಲಿ ಮಲ್ಲಯ್ಯನ ಹೆಸರು. ಹೀಗೆ ಗುಂಪುಗುಂಪಾಗಿ ಜನ ಯುಗಾದಿಯ ಹೊತ್ತಿಗೆ ಶ್ರೀಶೈಲ ಮುಟ್ಟಲು ಹೊರಡುತ್ತಾರೆ. ಕೆಲವರು ಹರಕೆ ಹೊತ್ತು ಮರಗಾಲು ಕಟ್ಟಿಕೊಂಡು ನಡೆಯುವುದೂ ಉಂಟು. ನಮ್ಮ ಕಡೆಯ ಹಿರಿಯರು ‘ಶ್ರೀಶೈಲಕ್ಕೆ ಹೋಗಿದ್ದೆ’ ಎನ್ನುವುದಕ್ಕಿಂತ ‘ಪರ್ವತಕ್ಕೆ ಹೋಗಿದ್ದೆ’ ಎನ್ನುವುದೇ ಹೆಚ್ಚು. ಪರ್ವತ ಎಂದರೆ ಅವರ ಪಾಲಿಗೆ ಒಂದೇ ಪರ್ವತ.

ಶಹಾಪುರ ತಾಲ್ಲೂಕಿನ ದೋರನಹಳ್ಳಿಯಿಂದ ಶ್ರೀಶೈಲಕ್ಕೆ ಭೂಪಟದಲ್ಲಿ ನೇರ ಗೆರೆ ಎಳೆದು ಅಳೆದರೂ ಇನ್ನೂರು ಕಿಲೋಮೀಟರು ದಾಟುತ್ತದೆ. ನಡೆಯುವವರಿಗೆ ಅದಕ್ಕಿಂತ ಬಹಳ ಹೆಚ್ಚು. ಕೃಷ್ಣೆಯನ್ನು ದಾಟಿ ರಾಯಚೂರು, ತುಂಗಭದ್ರೆಯನ್ನು ದಾಟಿ ಕರ್ನೂಲು, ಅಲ್ಲಿಂದ ಆತ್ಮಕೂರು. ಅಲ್ಲಿಯವರೆಗೆ ಬಯಲುಸೀಮೆ. ಆತ್ಮಕೂರಿನ ಆಚೆ ನಲ್ಲಮಲೆಯ ಕಾಡು ಎದುರಾಗುತ್ತದೆ. ಕಾಲು ಬೊಕ್ಕೆಯೆದ್ದು, ಮೈ ಸೋತು, ಬುತ್ತಿಯ ರೊಟ್ಟಿ ತೀರಿಹೋದ ಹೊತ್ತಿಗೆ ಸರಿಯಾಗಿ ದಾರಿಯ ಅತ್ಯಂತ ಕಠಿಣವಾದ ಭಾಗ ಬರುತ್ತದೆ. ಹೀಗಿದ್ದೂ ಸಾಮಾನ್ಯ ಜನ ಶತಮಾನಗಳ ಕಾಲ ಈ ಕಾಡನ್ನು ದಾಟಿ ಗುಡಿ ಮುಟ್ಟಿದ್ದು ಹೇಗೆ? ಈ ಒಂದು ಪ್ರಶ್ನೆಯನ್ನು ಇಟ್ಟುಕೊಂಡು ಆ ಕೊನೆಯ ಘಟ್ಟದ ಚರಿತ್ರೆಯನ್ನು ನೋಡೋಣ.

ದುರ್ಗಮವಾದ ಕಾಡು

ಈ ಕಾಡಿನ ನೆನಪು ಕನ್ನಡ ನಾಡಿನ ಚರಿತ್ರೆಯಲ್ಲಿ ಬಹು ಹಿಂದಿನದು. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಶಾಸನ ಐದನೆಯ ಶತಮಾನಕ್ಕೆ ಸೇರಿದ್ದು. ಕದಂಬ ವಂಶದ ಮೂಲಪುರುಷ ಮಯೂರಶರ್ಮನು ಪಲ್ಲವರನ್ನು ಎದುರಿಸಿ, ಶ್ರೀಪರ್ವತದ ಬಾಗಿಲವರೆಗೆ ಹಬ್ಬಿದ ದುರ್ಗಮವಾದ ಕಾಡಿನಲ್ಲಿ ನೆಲೆ ನಿಂತನೆಂದು ಅದು ತಿಳಿಸುತ್ತದೆ. ಆ ಶ್ರೀಪರ್ವತ ಇಂದಿನ ಶ್ರೀಶೈಲವೇ ಎಂದು ಹೆಚ್ಚಿನ ವಿದ್ವಾಂಸರು ಗುರುತಿಸಿದ್ದಾರೆ. ಸೈನ್ಯಗಳು ಸುಲಭವಾಗಿ ಹೊಗಲಾರದ ಕಾಡೆಂದೇ ಮಯೂರಶರ್ಮ ಅದನ್ನು ಆರಿಸಿಕೊಂಡಿದ್ದಿರಬೇಕು. ಅದೇ ಕಾಡನ್ನು ಮುಂದೆ ಬರಿಗಾಲಿನ ಭಕ್ತರು ಹೊಕ್ಕರು.

ಶ್ರೀಶೈಲಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ದ್ವಾರಗಳೆಂಬ ಸಂಪ್ರದಾಯವಿದೆ: ಪೂರ್ವಕ್ಕೆ ತ್ರಿಪುರಾಂತಕ, ದಕ್ಷಿಣಕ್ಕೆ ಸಿದ್ಧವಟ, ಉತ್ತರಕ್ಕೆ ಉಮಾಮಹೇಶ್ವರ, ಪಶ್ಚಿಮಕ್ಕೆ ಆಲಂಪುರ. ಕನ್ನಡಿಗರ ಪಾಲಿಗೆ ಬರುವುದು ಪಶ್ಚಿಮದ ದಿಕ್ಕು. ತುಂಗಭದ್ರೆಯ ದಡದ ಆಲಂಪುರದಲ್ಲಿ ಬಾದಾಮಿ ಚಾಲುಕ್ಯರ ಕಾಲದ ನವಬ್ರಹ್ಮ ದೇವಾಲಯಗಳಿವೆ. ಕನ್ನಡ ಅರಸರ ಕೈಗೆಲಸ ಆ ಬಾಗಿಲಲ್ಲೇ ಕಾಣುತ್ತದೆ.

12ನೆಯ ಶತಮಾನದಲ್ಲಿ ಈ ಯಾತ್ರೆಗೆ ಹೊಸ ಅರ್ಥ ಬಂದಿತು. ಉಡುತಡಿಯ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದು, ಅಲ್ಲಿಂದ ಶ್ರೀಶೈಲದ ಕದಳಿಗೆ ನಡೆದಳೆಂಬುದು ನಮಗೆಲ್ಲ ಗೊತ್ತಿರುವ ಕಥೆ. 13ನೆಯ ಶತಮಾನದ ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬರೆದ ‘ಪಂಡಿತಾರಾಧ್ಯ ಚರಿತ್ರ’ದಲ್ಲಿ ‘ಪರ್ವತ ಪ್ರಕರಣ’ವೆಂಬ ಭಾಗವೇ ಇದೆ. ಅಲ್ಲಿ ಶಿವರಾತ್ರಿಗೆ ಬೆಟ್ಟ ಹತ್ತುವ ಜನಸಾಗರ, ಅವರು ಹೊತ್ತ ಕಠಿಣವಾದ ಹರಕೆಗಳು, ಅವರು ಹಾಡುತ್ತಿದ್ದ ಪದಗಳ ಹೆಸರುಗಳು ಸಿಗುತ್ತವೆ. ಹಾಡಿಕೊಂಡು ನಡೆಯುವ ಇಂದಿನ ರೂಢಿ ಏಳು ಶತಮಾನಕ್ಕೂ ಹಳೆಯದೆಂದು ಇದರಿಂದ ತಿಳಿಯುತ್ತದೆ.

ಮೆಟ್ಟಿಲು ಕಟ್ಟಿದವರು

ಆತ್ಮಕೂರಿನಿಂದ ಹೊರಟವರಿಗೆ ಮೊದಲು ಸಿಗುವ ತಾಣ ನಾಗಲೂಟಿ. ಅಲ್ಲಿ ವೀರಭದ್ರನ ಹಳೆಯ ಗುಡಿಯಿದೆ. ಮುಂದೆ ಪೆದ್ದಚೆರುವು, ಅಂದರೆ ದೊಡ್ಡ ಕೆರೆ. ಬೇಸಿಗೆಯ ಕಾಡಿನಲ್ಲಿ ನೀರಿದ್ದಲ್ಲೇ ತಂಗುವುದು ಅನಿವಾರ್ಯವಾದ್ದರಿಂದ ಇವೇ ದಾರಿಯ ಮಜಲುಗಳಾದವು. ಆಮೇಲೆ ಭೀಮುನಿಕೊಲನು, ಎಂದರೆ ಭೀಮನ ಕೊಳ. ಇಲ್ಲಿ ದಾರಿ ಆಳವಾದ ಕಣಿವೆಗೆ ಇಳಿದು ಮತ್ತೆ ಕಡಿದಾಗಿ ಏರುತ್ತದೆ. ಏರು ಮುಗಿದಲ್ಲಿ ಕೈಲಾಸದ್ವಾರ. ಅಲ್ಲಿ ನಿಂತವನಿಗೆ ಶ್ರೀಶೈಲ ಹತ್ತಿರವಾಯಿತೆಂದು ಅರ್ಥ.

ಈ ಏರಿಳಿತವನ್ನು ಸುಲಭ ಮಾಡಿದ್ದು ಕಲ್ಲಿನ ಮೆಟ್ಟಿಲುಗಳು. 14ನೆಯ ಶತಮಾನದಲ್ಲಿ ರೆಡ್ಡಿ ರಾಜ್ಯವನ್ನು ಸ್ಥಾಪಿಸಿದ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೂ ಅಹೋಬಲಕ್ಕೂ ಸೋಪಾನ ಕಟ್ಟಿಸಿದನು. ಕ್ಷೇತ್ರದ ಕೆಳಗೆ ಹರಿಯುವ ಕೃಷ್ಣೆಗೆ ಪಾತಾಳಗಂಗೆ ಎಂದು ಹೆಸರು. ಅಲ್ಲಿಗೆ ಇಳಿಯಲು ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠಲಾಂಬೆ ಮೆಟ್ಟಿಲು ಕಟ್ಟಿಸಿದಳು. ಕೊಂಡವೀಡನ್ನು ಗೆದ್ದ 1515ರಲ್ಲಿ ಕೃಷ್ಣದೇವರಾಯ ಇಲ್ಲಿಗೆ ಬಂದನು. ರಥಬೀದಿಯ ಮಂಟಪಗಳು ಅವನ ಸೇವೆ. 1677ರಲ್ಲಿ ಛತ್ರಪತಿ ಶಿವಾಜಿಯೂ ಬಂದನು. ದೊರೆಗಳು ಗೋಪುರ, ಮಂಟಪ ಕಟ್ಟಿಸಿದ್ದು ಪುಣ್ಯಕ್ಕೂ ಹೌದು, ಕೀರ್ತಿಗೂ ಹೌದು. ಆದರೆ ಕಾಡಿನ ನಡುವಿನ ಒಂದು ಮೆಟ್ಟಿಲನ್ನು ಬಳಸುವವನು ಕಾಲು ಸೋತ ಬಡ ಯಾತ್ರಿಕ ಎಂಬುದನ್ನು ನಾವು ಗಮನಿಸಬೇಕು.

ದಾರಿ ತೋರಿದವರು

ಮೆಟ್ಟಿಲಿದ್ದ ಮಾತ್ರಕ್ಕೆ ಕಾಡು ದಾಟಲಾಗದು. ಹುಲಿ, ಕಳ್ಳಕಾಕರ ಭಯವಿದ್ದ ಕಾಲದಲ್ಲಿ ಯಾತ್ರಿಕರಿಗೆ ದಾರಿ ತೋರಿಸಿ, ಕಾವಲು ಕೊಟ್ಟವರು ನಲ್ಲಮಲೆಯ ಚೆಂಚು ಜನ. ಅದಕ್ಕಾಗಿ ಅವರಿಗೆ ಯಾತ್ರಿಕರಿಂದ ಕಾಣಿಕೆ ಸಲ್ಲುತ್ತಿತ್ತು. 1830ರಲ್ಲಿ ಮದರಾಸಿನಿಂದ ಕಾಶಿಗೆ ಹೊರಟ ಏನುಗುಲ ವೀರಾಸ್ವಾಮಿ ಇದೇ ಕಾಡುದಾರಿಯಲ್ಲಿ ಶ್ರೀಶೈಲಕ್ಕೆ ಹೋಗಿಬಂದು, ತನ್ನ ‘ಕಾಶೀಯಾತ್ರಾ ಚರಿತ್ರ’ದಲ್ಲಿ ಅದನ್ನು ಬರೆದಿಟ್ಟಿದ್ದಾನೆ. ಆಗ ಈ ಸೀಮೆ ಕರ್ನೂಲಿನ ನವಾಬರ ಆಡಳಿತದಲ್ಲಿತ್ತು. ಯಾತ್ರಿಕರು ಸುಂಕವನ್ನೂ ತೆರಬೇಕಾಗಿತ್ತು. ಆದರೂ ಜನ ಹೋಗುವುದನ್ನು ಬಿಡಲಿಲ್ಲ.

ಚೆಂಚು ಜನರು ಮಲ್ಲಯ್ಯನನ್ನು ತಮ್ಮ ಹುಡುಗಿಯನ್ನು ಮದುವೆಯಾದ ಅಳಿಯನೆಂದು ಭಾವಿಸುತ್ತಾರೆ. ಇತ್ತ ನಮ್ಮ ಪಾದಯಾತ್ರಿಗಳು ಭ್ರಮರಾಂಬೆಯನ್ನು ಕನ್ನಡ ನಾಡಿನ ಮಗಳೆಂದು ನಂಬಿ, ತವರಿನಿಂದ ಒಯ್ಯುವಂತೆ ಸೀರೆ, ಕುಪ್ಪಸ, ಅರಿಶಿನ ಕುಂಕುಮ ಒಯ್ಯುತ್ತಾರೆ. ಅಂದರೆ ಕಾಡಿನಲ್ಲಿ ಎದುರಾಗುವ ಈ ಇಬ್ಬರೂ ಒಬ್ಬನೇ ಅಳಿಯನಿಗೆ ಹೆಣ್ಣು ಕೊಟ್ಟ ಮನೆಯವರು! ಭಾಷೆ ಬೇರೆ, ಬದುಕು ಬೇರೆಯಾದ ಜನರ ನಡುವೆ ಒಂದು ನಂಟನ್ನು ಈ ದಾರಿ ಬೆಳೆಸಿತು.

ಇನ್ನು ಬಯಲಿನ ಊರುಗಳ ಮಾತು. ನಡೆದು ಬಂದವರಿಗೆ ನೀರು, ಮಜ್ಜಿಗೆ, ರೊಟ್ಟಿ, ಅನ್ನ ನೀಡಿ, ಕಾಲಿಗೆ ಎಣ್ಣೆ ಹಚ್ಚಿ ಕಳಿಸುವುದು ಊರೂರಿನ ರೂಢಿ. ಇದಕ್ಕೆ ದಾಸೋಹವೆಂದು ಹೆಸರು. ತಾನು ಹೋಗಲಾರದವನು ಹೋಗುವವನಿಗೆ ಉಣ್ಣಿಸಿ ಯಾತ್ರೆಯಲ್ಲಿ ಪಾಲು ಪಡೆಯುತ್ತಾನೆ. ಇವರ ಹೆಸರು ಯಾವ ಶಾಸನದಲ್ಲೂ ಇಲ್ಲ.

ಉಳಿದ ದಾರಿ

ರಾಯಚೂರಿನ ಬಳಿ ಕೃಷ್ಣೆಗೆ 1943ರಲ್ಲಿ ಸೇತುವೆ ಮುಗಿದ ಮೇಲೆ ಆ ಹೊಳೆ ದಾಟುವ ಕಷ್ಟ ತಪ್ಪಿತು. 1963ರಲ್ಲಿ ಶ್ರೀಶೈಲದ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿತು. ಘಟ್ಟದ ಮೋಟಾರು ರಸ್ತೆಯಲ್ಲಿ ಇಂದು ಬಸ್ಸು ನೇರವಾಗಿ ಗುಡಿಯ ಬಳಿಗೇ ಒಯ್ಯುತ್ತದೆ. ಇಂಥ ಹೊಸ ರಸ್ತೆ ಬಂದಾಗ ಹಳೆಯ ಕಾಲುದಾರಿಗಳು ಮುಚ್ಚಿಹೋಗುವುದು ಸಹಜ. ಈ ದಾರಿ ಮಾತ್ರ ಮುಚ್ಚಲಿಲ್ಲ. ಕಾರಣ, ಶಿವರಾತ್ರಿಗೂ ಯುಗಾದಿಗೂ ನಡೆದೇ ಬರುವವರು ಇನ್ನೂ ಇದ್ದಾರೆ. ಯುಗಾದಿಯ ಯಾತ್ರಿಕರಲ್ಲಿ ಹೆಚ್ಚಿನವರು ಕರ್ನಾಟಕದವರು ಮತ್ತು ಮಹಾರಾಷ್ಟ್ರದವರು. ಈ ಕಾಡು ಈಗ ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ಹಬ್ಬದ ದಿನಗಳಲ್ಲಿ ಮಾತ್ರ ಅರಣ್ಯ ಇಲಾಖೆ ಈ ದಾರಿಯಲ್ಲಿ ಬಿಡುತ್ತದೆ. ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ಕಾಡಿನಲ್ಲಿ ಬಿಸುಟು ಬರುವವನು ದಾರಿಯನ್ನು ಉಳಿಸಿಕೊಟ್ಟ ಹಿರಿಯರ ಋಣ ಮರೆತವನೇ ಸರಿ.

ಕಾಲಿನ ಧೂಳನ್ನೂ ತೊಳೆಯದೆ ನೇರವಾಗಿ ಹೋಗಿ ಲಿಂಗವನ್ನು ಮುಟ್ಟುವುದಕ್ಕೆ ಶ್ರೀಶೈಲದಲ್ಲಿ ‘ಧೂಳಿ ದರ್ಶನ’ ಎನ್ನುತ್ತಾರೆ. ನಡೆದವನ ಧೂಳಿಗೂ ಅಲ್ಲಿ ಮಾನ್ಯತೆಯಿದೆ ಎಂಬ ಭಾವ ಇದರಲ್ಲಿದೆ. ಆ ಧೂಳಿನಲ್ಲಿ ನಮ್ಮ ಶಹಾಪುರ, ಸುರಪುರದ ಕರಿಮಣ್ಣೂ ಇರುತ್ತದೆ.

ವಿದ್ಯಾರ್ಥಿಗಳೇ, ಮೆಟ್ಟಿಲು ಕಟ್ಟಿಸಿದವರ ಚರಿತ್ರೆ ಕಲ್ಲಿನಲ್ಲಿದೆ. ಅದನ್ನು ಓದಲು ವಿದ್ವಾಂಸರಿದ್ದಾರೆ. ನಡೆದವರ, ಉಣ್ಣಿಸಿದವರ, ದಾರಿ ತೋರಿದವರ ಚರಿತ್ರೆ ಇರುವುದು ಹಿರಿಯರ ನೆನಪಿನಲ್ಲಿ ಮಾತ್ರ. ದೋರನಹಳ್ಳಿಯಂಥ ಊರುಗಳಲ್ಲಿ ಬಸ್ಸಿನ ಆಸೆಯಿಲ್ಲದೆ ಪರ್ವತಕ್ಕೆ ನಡೆದು ಬಂದ ಅಜ್ಜ ಅಜ್ಜಿಯರು ಈಗಲೂ ಸಿಗುತ್ತಾರೆ. ಎಲ್ಲೆಲ್ಲಿ ತಂಗಿದಿರಿ, ಹೊಳೆ ಹೇಗೆ ದಾಟಿದಿರಿ, ಯಾರು ಉಣ್ಣಿಸಿದರು, ಯಾವ ಪದ ಹಾಡಿದಿರಿ ಎಂದು ಅವರನ್ನು ಕೇಳಿ. ಹೇಳಿದ್ದನ್ನು ಹೇಳಿದ ಮಾತಿನಲ್ಲೇ ಬರೆದಿಡಿ. ಅವರು ಇಲ್ಲವಾದ ಮೇಲೆ ಈ ಪ್ರಶ್ನೆಗಳಿಗೆ ಉತ್ತರ ಹೇಳುವ ಶಾಸನ ಎಲ್ಲಿಯೂ ಸಿಗುವುದಿಲ್ಲ.